ಎರವಲು ಪಡೆದ ಎರಡು ಪದಗಳು: ರಷ್ಯದ ಯುದ್ಧಗೀತೆಗಳ ಕುರಿತು

1941ರ ಜೂನ್ 22ರಂದು ಜರ್ಮನ್ ಸೇನೆ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿತು. ಎರಡೇ ದಿನಗಳಲ್ಲಿ ಲೆಬೆದೆವ್-ಕುಮಾಚ್ ಬರೆದ ‘ಪವಿತ್ರ ಯುದ್ಧ’ ಪತ್ರಿಕೆಗಳಲ್ಲಿ ಅಚ್ಚಾಯಿತು. ಅಲೆಕ್ಸಾಂದರ್ ಅಲೆಕ್ಸಾಂದ್ರೊವ್ ಅದಕ್ಕೆ ರಾಗ ಕಟ್ಟಿದರು. ಆ ತಿಂಗಳು ಮುಗಿಯುವ ಮೊದಲೇ ಮಾಸ್ಕೋದ ಬೆಲರೂಸ್ಕಿ ರೈಲು ನಿಲ್ದಾಣದಲ್ಲಿ, ರಣರಂಗಕ್ಕೆ ಹೊರಟ ಸೈನಿಕರ ಮುಂದೆ ಅದು ಮೊಳಗಿತು. ದೇವರಿಲ್ಲವೆಂದು ಬೋಧಿಸಿದ ಪ್ರಭುತ್ವವು ಸಂಕಟದ ಗಳಿಗೆಯಲ್ಲಿ ‘ಪವಿತ್ರ’ ಎಂಬ ಪದವನ್ನೇ ಅರಸಿ ಹೋದದ್ದು ಗಮನಾರ್ಹ. ಅಲೆಕ್ಸಾಂದ್ರೊವ್ ಹಿಂದೆ ಮಾಸ್ಕೋದ ಕ್ರಿಸ್ತ ರಕ್ಷಕ ಪ್ರಧಾನಾಲಯದ ಗಾಯನವೃಂದವನ್ನು ನಡೆಸಿದವರು. ಆ ದೇವಾಲಯವನ್ನು 1931ರಲ್ಲಿ ಸರ್ಕಾರವೇ ಸ್ಫೋಟಿಸಿ ಕೆಡವಿತ್ತು. ಗೀತೆಯ ಮೂರು ಮಾತ್ರೆಗಳ ಗಂಭೀರ ನಡೆಯಲ್ಲಿ, ಒಂಟಿ ದನಿಗೆ ಎಡೆಗೊಡದ ಸಮೂಹಗಾನದಲ್ಲಿ ಆ ಗಾಯನವೃಂದದ ನೆನಪು ಕೇಳಿಸುತ್ತದೆ.

ಈ ಗೀತೆಯ ಕೋಪವನ್ನು ನಾವು ಹಗುರವಾಗಿ ಕಾಣಲಾಗದು. ಸುಮಾರು 2 ಕೋಟಿ 70 ಲಕ್ಷ ಸೋವಿಯತ್ ಜನರನ್ನು ಬಲಿತೆಗೆದುಕೊಂಡ ಯುದ್ಧವದು. ತಮ್ಮ ಮನೆಮಕ್ಕಳನ್ನು ಕಾಯಲು ನಿಂತವರ ಹಕ್ಕನ್ನು ಧರ್ಮಸಭೆಯ ಬೋಧನೆಯೂ ಅಲ್ಲಗಳೆಯುವುದಿಲ್ಲ. ಆದರೆ ರಕ್ಷಣೆ ನ್ಯಾಯವಾಗಿರಬಹುದು ಎಂಬುದು ಒಂದು ಮಾತು, ಯುದ್ಧವೇ ಪವಿತ್ರ ಎಂಬುದು ಇನ್ನೊಂದು ಮಾತು. ಮೊದಲನೆಯದು ತನ್ನನ್ನು ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆ. ಎರಡನೆಯದು ಪರೀಕ್ಷೆಯ ಬಾಗಿಲನ್ನೇ ಮುಚ್ಚುತ್ತದೆ.

ಇದರ ಪಕ್ಕದಲ್ಲಿ ಇಸಕೋವ್ಸ್ಕಿ 1945ರಲ್ಲಿ ಬರೆದು, ಬ್ಲಾಂತರ್ ರಾಗ ಹಾಕಿದ ಇನ್ನೊಂದು ಗೀತೆಯನ್ನಿಟ್ಟು ನೋಡೋಣ. ಶತ್ರುಗಳು ಮನೆಯನ್ನು ಸುಟ್ಟು, ಮನೆಯವರನ್ನೆಲ್ಲ ಕೊಂದಿದ್ದಾರೆ. ಯುದ್ಧ ಗೆದ್ದು ಮರಳಿದ ಸೈನಿಕನಿಗೆ ಉಳಿದಿರುವುದು ಹೆಂಡತಿಯ ಸಮಾಧಿ. ಅವನು ಅದರ ಮೇಲೆಯೇ ಪಾನೀಯವಿಟ್ಟು, ತಾಮ್ರದ ಲೋಟದಲ್ಲಿ ಒಬ್ಬನೇ ಕುಡಿಯುತ್ತಾನೆ. ಅವಳ ಆರೋಗ್ಯಕ್ಕಾಗಿ ಕುಡಿಯಲು ಬಂದವನು ಅವಳ ಆತ್ಮದ ವಿಶ್ರಾಂತಿಗಾಗಿ ಕುಡಿಯಬೇಕಾಗಿದೆ. ಇಲ್ಲಿ ಅವನು ಬಳಸುವ ಪದ ಆರ್ಥೊಡಾಕ್ಸ್ ಧರ್ಮಸಭೆಯು ಮೃತರಿಗಾಗಿ ಸಲ್ಲಿಸುವ ಪ್ರಾರ್ಥನೆಯಿಂದ ಬಂದದ್ದು. ಕೊನೆಗೆ ಕಣ್ಣೀರು ಇಳಿಯುತ್ತದೆ, ಎದೆಯ ಮೇಲೆ ಬುಡಾಪೆಸ್ಟ್ ವಿಜಯದ ಪದಕ ಹೊಳೆಯುತ್ತದೆ. ಗುರುವಿಲ್ಲ, ಧೂಪವಿಲ್ಲ, ಉತ್ತರ ಕೊಡುವ ಸಭೆಯಿಲ್ಲ. ಆದರೂ ಅದು ಒಂದು ಸ್ಮರಣಾವಿಧಿ.

ವಿಜಯೋತ್ಸವದ ನಾಡಿಗೆ ಈ ದುಃಖ ಬೇಕಿರಲಿಲ್ಲ. 1946ರಲ್ಲಿ ಕವಿತೆ ಪ್ರಕಟವಾದಾಗ ಅದನ್ನು ನಿರಾಶಾವಾದವೆಂದು ದೂರಲಾಯಿತು. ಗೀತೆ ಬಹುಕಾಲ ಬಾನುಲಿಯಿಂದ ದೂರ ಉಳಿಯಿತು. 1960ರಲ್ಲಿ ಮಾರ್ಕ್ ಬೆರ್ನೆಸ್ ಅದನ್ನು ವೇದಿಕೆಯ ಮೇಲೆ ಹಾಡಿದ ಬಳಿಕವಷ್ಟೇ ಅದು ಜನರ ಪಾಲಿಗೆ ಮರಳಿತು.

ಎರಡೂ ಗೀತೆಗಳು ದೇವಾಲಯದಿಂದ ಪದವನ್ನು ಎರವಲು ಪಡೆದಿವೆ. ಒಂದು ‘ಪವಿತ್ರ’ವನ್ನು ಯುದ್ಧಕ್ಕೆ ಕೊಟ್ಟಿತು, ಇನ್ನೊಂದು ‘ವಿಶ್ರಾಂತಿ’ಯನ್ನು ಸತ್ತವರಿಗೆ ಕೊಟ್ಟಿತು. ಮೊದಲನೆಯದು ಎರವಲನ್ನು ದುರುಪಯೋಗ ಮಾಡಿತು; ಎರಡನೆಯದು ಅದನ್ನು ಸಲ್ಲಬೇಕಾದವರಿಗೆ ಸಲ್ಲಿಸಿತು ಎಂಬುದು ನನ್ನ ನಿಲುವು. ಇಸಕೋವ್ಸ್ಕಿಯ ಸೈನಿಕನನ್ನು ಮರೆಮಾಚಿದ ವಿಶ್ವಾಸಿಯೆಂದು ಕರೆಯುವ ಅವಸರ ನಮಗೆ ಬೇಡ. ಅವನು ದೇವರೊಡನೆ ಮಾತನಾಡುವುದಿಲ್ಲ. ಸತ್ತ ಹೆಂಡತಿಯೊಡನೆ ಮಾತನಾಡುತ್ತಾನೆ. 88ನೇ ಕೀರ್ತನೆಗಾರನಾದರೋ ಅದೇ ಕತ್ತಲಲ್ಲಿದ್ದರೂ ದೇವರನ್ನೇ ಕೂಗುತ್ತಾನೆ. ಆದರೆ ಸಾಂತ್ವನವನ್ನು ಒಲ್ಲದ ರಾಖೇಲಳನ್ನು ಮತ್ತಾಯನು ಶುಭಸಂದೇಶದೊಳಗೆ ಕೂರಿಸಿದ್ದಾನೆ. ಅವಳ ಬಳಿ ಈ ಸೈನಿಕನಿಗೂ ಸ್ಥಳವಿದೆ.

ಇದು ಹಳೆಯ ಕಥೆಯಲ್ಲ. 2024ರ ಮಾರ್ಚ್‌ನಲ್ಲಿ, ಪಿತೃಪ್ರಧಾನ ಕಿರಿಲ್ ಅವರ ನೇತೃತ್ವದ ವಿಶ್ವ ರಷ್ಯನ್ ಜನಪರಿಷತ್ತು ಯುಕ್ರೇನಿನ ಮೇಲಿನ ಯುದ್ಧವನ್ನು ‘ಪವಿತ್ರ ಯುದ್ಧ’ ಎಂದೇ ಕರೆಯಿತು. ಪ್ರಭುತ್ವ ಎರವಲು ಪಡೆದ ಪದವನ್ನು ಈ ಬಾರಿ ಧರ್ಮಸಭೆಯ ನಾಯಕತ್ವವೇ ಅದರ ಕೈಗಿತ್ತಿತು. 1941ರಲ್ಲಿ ಆ ಪದ ಆಕ್ರಮಣಕ್ಕೆ ಗುರಿಯಾದವರದ್ದಾಗಿತ್ತು. ಈಗ ಅದು ಆಕ್ರಮಿಸಿದವರದ್ದು.

ನಾಳೆ ಸಮಾಧಿಗಳ ಬಳಿ ನಿಂತು ಮಾತನಾಡಬೇಕಾದ ಗುರು ಅಭ್ಯರ್ಥಿಗಳಿಗೆ ಈ ವಿಮರ್ಶೆಯ ಪ್ರಯೋಜನ ಇಷ್ಟು. ನಾವೂ ಎಷ್ಟೋ ಸಲ ಅಳುವವರನ್ನು ಅವಸರದಿಂದ ಪುನರುತ್ಥಾನದತ್ತ ತಳ್ಳುತ್ತೇವೆ. ಅದೂ ದುಃಖವನ್ನು ನಿಷೇಧಿಸುವ ಒಂದು ಬಗೆಯೇ. ಪಾಸ್ಖ ಭಾನುವಾರಕ್ಕೆ ಮುನ್ನ ಮೌನದ ಪವಿತ್ರ ಶನಿವಾರವೊಂದಿದೆ. ಆ ದಿನದ ಮೌನವನ್ನು ಕಾಯುವುದೂ ಗುರುತ್ವದ ಕೆಲಸ.