ಅಂಬಿಗನ ಮಾತು ನಡೆಯದ ದೋಣಿ

ಗಣೇಶಗುಡಿಯಲ್ಲಿ ಕಾಳಿ ನದಿಯ ರ್‍ಯಾಫ್ಟ್ ಹತ್ತಿದ ನಮ್ಮ ಮಂದಿಯನ್ನು ಒಮ್ಮೆ ನೋಡಬೇಕು. ಹುಬ್ಬಳ್ಳಿಯ ಬೆಂಗೇರಿಯಿಂದಲೋ ಕೇಶ್ವಾಪುರದಿಂದಲೋ ಟಿಟಿ ಮಾಡಿಕೊಂಡು, ದಾಂಡೇಲಿ ದಾಟುವವರೆಗೂ ಹಾಡು ಹಚ್ಚಿಕೊಂಡು ಬಂದವರು, ರ್‍ಯಾಫ್ಟಿನೊಳಗೆ ಗೈಡ್ ‘ಫಾರ್ವರ್ಡ್’ ಅಂದರೆ ಹುಟ್ಟು ಹಾಕುತ್ತಾರೆ, ‘ಸ್ಟಾಪ್’ ಅಂದರೆ ನಿಲ್ಲಿಸುತ್ತಾರೆ. ಗೈಡ್ ಇಪ್ಪತ್ತೈದು ದಾಟದ ಹುಡುಗ. ಮುಂದೆ ಕೂತವರು ಅಂಗಡಿ ಮಾಲೀಕರು, ಪ್ರಾಧ್ಯಾಪಕರು, ಗುತ್ತಿಗೆದಾರರು. ಒಬ್ಬರೂ ಎದುರಾಡುವುದಿಲ್ಲ. ಸುಪಾ ಆಣೆಕಟ್ಟಿನಿಂದ ಬಿಟ್ಟ ನೀರು ಬಂಡೆಗಳ ನಡುವೆ ಹೇಗೆ ಹರಿಯುತ್ತದೆಂದು ಆ ಹುಡುಗನಿಗೆ ಗೊತ್ತು, ತಮಗೆ ಗೊತ್ತಿಲ್ಲ ಎಂಬುದು ಎಲ್ಲರಿಗೂ ತಿಳಿದಿದೆ.

ಇದೇ ಮಂದಿ ಮರುದಿನ ಪ್ರಾಣಿ-ಪಕ್ಷಿ ನೋಡಲು ಇನ್ನೊಂದು ದೋಣಿ ಹತ್ತಿದಾಗ ಅಂಬಿಗನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ರ್‍ಯಾಫ್ಟಿನಲ್ಲಿ ಹೋಗುವುದು ತಮ್ಮ ಜೀವ, ಇಲ್ಲಿ ಹೋದರೆ ಹಕ್ಕಿಯ ಮರಿಯದು. ಗುಂಪು ಸಫಾರಿಯಲ್ಲಿ ಸಹಪ್ರಯಾಣಿಕರ ಕಾಟದ ಬಗ್ಗೆ ಗೊಣಗುವವರು ಬಹಳ. ಆದರೆ ಗೊಣಗಾಟವೆಲ್ಲ ಮನುಷ್ಯರ ಸ್ವಭಾವದ ಮೇಲೆಯೇ ಹೋಗಿ ನಿಲ್ಲುತ್ತದೆ. ನನಗೆ ಕಾಣುವ ದೋಷ ಬೇರೆ. ಈ ದೋಣಿಗಳನ್ನು ನಡೆಸುವ ಪದ್ಧತಿಯೇ ಅಂಬಿಗನ ಕೈಯಿಂದ ಅಧಿಕಾರ ಕಸಿದು ಗಿರಾಕಿಯ ಕೈಗೆ ಕೊಟ್ಟಿದೆ.

ಒಂದು ಹಿನ್ನೀರಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಬೇಸಿಗೆಯ ಸಂಜೆ, ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಬಿಸಿಲು ಕಾಯಿಸುತ್ತಿತ್ತು. ಮುಂದಿನ ಸಾಲಿನಲ್ಲಿ ಮೊಳದುದ್ದದ ಲೆನ್ಸ್ ಹಿಡಿದವರೊಬ್ಬರು ಎದ್ದು ನಿಂತರು. ದೋಣಿ ಒಂದು ಮಗ್ಗುಲಿಗೆ ವಾಲಿತು, ಹಿಂದೆ ಕೂತ ಅಜ್ಜಿಗೆ ಕಂಡದ್ದು ಅವರ ಬೆನ್ನು ಮಾತ್ರ. “ಸರ್, ಕೂತ್ಕೊಳ್ರಿ” ಎಂದು ಅಂಬಿಗ ಎರಡು ಸಲ ಹೇಳಿದ. ಮೂರನೆಯ ಸಲ ಹೇಳುವ ಮೊದಲೇ ಅವರು ತಿರುಗಿ, “ಇನ್ನೊಂಚೂರು ಹತ್ರ ತಗೋರಿ, ಆಮ್ಯಾಲೆ ನೋಡ್ಕೋತೀವಿ” ಎಂದರು. ಅಷ್ಟು ಸಾಕಾಯಿತು. ಅಂಬಿಗ ಒಂದು ಗಳಿಗೆ ನಮ್ಮೆಲ್ಲರ ಮುಖ ನೋಡಿದ, ನಾವು ಯಾರೂ ಬಾಯಿ ಬಿಡಲಿಲ್ಲ. ಅವನ ಕೈ ಎಂಜಿನ್ನಿನ ಹಿಡಿಗೆ ಹೋಯಿತು, ಮೊಸಳೆ ನೀರಿಗೆ ಜಾರಿತು. ತಣ್ಣನೆಯ ರಕ್ತದ ಆ ಪ್ರಾಣಿಗೆ ಮೈ ಕಾಯಿಸಿಕೊಳ್ಳಲು ಬಿಸಿಲೇ ಮುಖ್ಯ ದಾರಿ. ಸೀಸನ್ನಿನಲ್ಲಿ ದಿನಕ್ಕೆ ಎಷ್ಟು ದೋಣಿಗಳು ಹೀಗೆ ಅದನ್ನು ಎಬ್ಬಿಸುತ್ತವೆಯೋ ಅಷ್ಟು ಸಲ ಅದು ಬಿಸಿಲು ಬಿಟ್ಟು ನೀರಿಗೆ ಇಳಿಯಬೇಕು.

ಗೂಡು ಕಟ್ಟುವ ಹಕ್ಕಿಗಳಿಗೆ ಇದರ ಪೆಟ್ಟು ಇನ್ನೂ ದೊಡ್ಡದು. ಭದ್ರಾ ಹಿನ್ನೀರು ಇಳಿದಾಗ ಲಕ್ಕವಳ್ಳಿಯ ಕಡೆ ಎದ್ದು ಕಾಣುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಬರಿ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಗೂಡೆಂದರೆ ಒಂದು ಸಣ್ಣ ಕುಳಿ, ಅಷ್ಟೇ. ಏಪ್ರಿಲ್ ಬಿಸಿಲಿನಲ್ಲಿ ತಾಯಿ ಮೊಟ್ಟೆಯ ಮೇಲೆ ಕೂರುವುದು ಕಾವಿಗಿಂತ ಹೆಚ್ಚಾಗಿ ನೆರಳಿಗೆ. ದೋಣಿ ಅತಿ ಹತ್ತಿರ ಬಂದರೆ ಇಡೀ ಹಿಂಡು ಕಿರುಚುತ್ತ ಮೇಲೇಳುತ್ತದೆ. ಕ್ಯಾಮೆರಾಗಳಿಗೆ ಅದು ಭರ್ಜರಿ ಚಿತ್ರ. ಕೆಳಗೆ ಮೊಟ್ಟೆ ಬೇಯುತ್ತಿರುತ್ತದೆ, ಕಾಗೆ ಹೊಂಚುತ್ತಿರುತ್ತದೆ.

ಇಂಥ ಸಹಪ್ರಯಾಣಿಕರೊಂದಿಗೆ ಹೊಂದಿಕೊಳ್ಳಲು ಅನುಭವಿಗಳು ಕೊಡುವ ಸಲಹೆಗಳಿವೆ. ಹಿಂದಿನ ಸೀಟು ಹಿಡಿಯಿರಿ, ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಿ, ದುಡ್ಡಿದ್ದರೆ ಇಡೀ ದೋಣಿಯನ್ನೇ ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಮೊದಲ ಎರಡು ನಮ್ಮ ಮನಶ್ಶಾಂತಿಗಷ್ಟೇ. ಹಕ್ಕಿ ಇಯರ್‌ಫೋನ್ ಹಾಕಿಕೊಳ್ಳಲಾರದು. ಮೂರನೆಯದು ಎಲ್ಲಕ್ಕಿಂತ ಕೆಟ್ಟ ಸಲಹೆ. ಇಪ್ಪತ್ತು ಜನ ಒಂದೇ ದೋಣಿಯಲ್ಲಿ ಹೋಗುವುದರಲ್ಲಿ ಒಂದು ಒಳ್ಳೆಯದಿದೆ: ನೀರಿನ ಮೇಲೆ ಎಂಜಿನ್ ಒಂದೇ. ಉಳ್ಳವರು ತಲಾ ಒಂದು ದೋಣಿ ಹಿಡಿದರೆ ಗದ್ದಲ ಹಂಚಿಹೋಗುವುದಿಲ್ಲ, ಹೆಚ್ಚುತ್ತದೆ. ಗುಂಪಿನಲ್ಲಿ ಹೋಗುವುದೇ ಸರಿ ಎಂದು ನಾನು ವಾದಿಸುತ್ತೇನೆ. ಆ ಗುಂಪಿಗೆ ಒಬ್ಬ ಯಜಮಾನ ಬೇಕು ಅಷ್ಟೇ.

ಹೊರಗಿನ ಎರಡು ಉದಾಹರಣೆ ನೋಡಿ. ಗಲಾಪಗೋಸ್ ದ್ವೀಪಗಳ ರಾಷ್ಟ್ರೀಯ ಉದ್ಯಾನದ ಬಹುತೇಕ ತಾಣಗಳಲ್ಲಿ ಪರವಾನಗಿ ಪಡೆದ ಗೈಡ್ ಇಲ್ಲದೆ ಪ್ರವಾಸಿಗಳ ಗುಂಪು ಕಾಲಿಡುವಂತಿಲ್ಲ. ಒಬ್ಬ ಗೈಡಿಗೆ 16 ಜನ, ಪ್ರಾಣಿಯಿಂದ 2 ಮೀಟರ್ ದೂರ. ಅಂಟಾರ್ಕ್ಟಿಕಾಕ್ಕೆ ಹಡಗು ಒಯ್ಯುವ ಕಂಪನಿಗಳು 1991ರಲ್ಲಿ ಒಕ್ಕೂಟ ಕಟ್ಟಿಕೊಂಡು ಒಂದು ಜಾಗದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಜನರನ್ನು ಇಳಿಸುವುದಿಲ್ಲವೆಂದು ಕಟ್ಟುಪಾಡು ಮಾಡಿಕೊಂಡಿವೆ. ಅಲ್ಲಿಗೆ ಹೋಗುವವರು ನಮ್ಮವರಿಗಿಂತ ಸಭ್ಯರೇನಲ್ಲ. ಹೆಚ್ಚು ದುಡ್ಡು ಕೊಟ್ಟವರ ಹಟವೂ ಹೆಚ್ಚೇ ಇರುತ್ತದೆ. ಆದರೆ ಗೈಡ್ ‘ಸಾಕು, ಹಿಂದೆ ಸರಿಯಿರಿ’ ಎಂದಾಗ ಅವನ ಬೆನ್ನಿಗೆ ನಿಯಮ ನಿಂತಿರುತ್ತದೆ.

ನಮ್ಮಲ್ಲೂ ಕಾನೂನಿಗೆ ಬರವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮು ಅಭಯಾರಣ್ಯದಲ್ಲಿ ಪ್ರಾಣಿಗಳನ್ನು ಕೆಣಕುವುದನ್ನು, ಕಸ ಎಸೆಯುವುದನ್ನು ನಿಷೇಧಿಸಿದೆ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹುಲಿ ಸಂರಕ್ಷಿತ ಪ್ರದೇಶಗಳ ಕೋರ್ ವಲಯದಲ್ಲಿ ಪ್ರವಾಸಿಗಳು ಮೊಬೈಲ್ ಬಳಸಬಾರದೆಂದಿತು. ಒಳ್ಳೆಯದೇ ಆಯಿತು. ಆದರೆ ಇವನ್ನೆಲ್ಲ ನೀರಿನ ಮಧ್ಯೆ ಜಾರಿಗೆ ತರಬೇಕಾದವನು ಯಾರು? ಅದೇ ಅಂಬಿಗ. ಟಿಪ್ಸ್ ನೆಚ್ಚಿಕೊಂಡವನು, ಗಿರಾಕಿ ಮೇಲಿನವರಿಗೆ ದೂರು ಕೊಟ್ಟರೆ ನಾಳೆ ಕೆಲಸಕ್ಕೆ ಕುತ್ತು ಬಂದೀತೆಂದು ಹೆದರುವವನು. ಅವನ ಕೈಗೆ ಕಾಯ್ದೆಯ ಪುಸ್ತಕ ಕೊಟ್ಟರೂ ಬಾಯಿಗೆ ಬಲ ಬರುವುದಿಲ್ಲ.

ರಂಗನತಿಟ್ಟು ಈ ವಿಷಯದಲ್ಲಿ ನನಗೆ ಅಚ್ಚುಮೆಚ್ಚು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನಂತೆ 1940ರಲ್ಲಿ ಮೈಸೂರು ಸಂಸ್ಥಾನ ಕಾಪಾಡಿಕೊಂಡ ಆ ತಿಟ್ಟುಗಳು 2022ರಲ್ಲಿ ಮಹತ್ವದ ಜೌಗುನೆಲೆಗಳ ರಾಮ್‌ಸಾರ್ ಪಟ್ಟಿ ಸೇರಿದವು, ಕರ್ನಾಟಕದಿಂದ ಮೊದಲನೆಯದಾಗಿ. ಅಲ್ಲಿಯೂ ರಜಾದಿನ ಜಾತ್ರೆಯಂಥ ಮಂದಿ. ಆದರೂ ದೋಣಿ ಕೈಹುಟ್ಟಿನದು. ಎಂಜಿನ್ ಸದ್ದಿಲ್ಲದ ಕಡೆ ಮನುಷ್ಯರ ದನಿ ತಾನಾಗಿ ತಗ್ಗುತ್ತದೆ. ಮೋಟಾರು ದೋಣಿಯಲ್ಲಿ ಎಂಜಿನ್ನಿಗಿಂತ ಜೋರಾಗಿ ಮಾತಾಡಿ ರೂಢಿಯಾದವರು ಅದು ನಿಂತ ಮೇಲೂ ಹಾಗೇ ಅರಚುತ್ತಾರೆ. ಇನ್ನೊಂದು ಗುಣ, ಅಂಬಿಗರು ಉದ್ದಕ್ಕೂ ಹೇಳುತ್ತ ಹೋಗುತ್ತಾರೆ: ಇದು ಚಮಚ ಕೊಕ್ಕು, ಅಗೋ ಆ ಮರದ ಬುಡದಲ್ಲಿ ಮೊಸಳೆ. ತಿಳಿದು ಹೇಳುವವನ ಮಾತಿಗೆ ಕಿವಿಗೊಟ್ಟವರು ಅವನು “ಸುಮ್ಮನಿರಿ” ಎಂದರೂ ಕೇಳುತ್ತಾರೆ. ಅಂಬಿಗನನ್ನು ಬರೀ ಡ್ರೈವರ್ ಮಾಡಿದ ಕಡೆಯೆಲ್ಲ ಗದ್ದಲ ಹೆಚ್ಚು.

ಅಪರಿಚಿತರಿಗಿಂತ ಕಷ್ಟ ನಮ್ಮದೇ ಗುಂಪಿನವರು. ಓಣಿಯವರು, ಬೀಗರು, ಆಫೀಸಿನ ಹಿರಿಯರು. ಅವರಿಗೆ “ಮೆಲ್ಲಗ ಮಾತಾಡ್ರಿ” ಎನ್ನಲು ಸಂಕೋಚ, ಊರಿಗೆ ಮರಳಿದ ಮೇಲೂ ಮುಖ ನೋಡಬೇಕಲ್ಲ. ಇಲ್ಲಿ ದೋಣಿ ಹತ್ತಿದ ಮೇಲೆ ಹೇಳುವುದು ತಡವಾಯಿತೆಂದೇ ಲೆಕ್ಕ. ಟಿಟಿ ಬೆಂಗೇರಿ ಬಿಡುವಾಗಲೇ ಹೇಳಬೇಕು, ಅದೂ ಗುಂಪಿನ ಹಿರಿಯರ ಬಾಯಿಂದ. ಹುಲಿಯೇ ಕಾಣಬೇಕೆಂದು ಹೊರಟವರಿಗೆ ನೀರಿನ ಮೇಲೆ ಏನು ಕಾಣುತ್ತದೆಂದು ಮೊದಲೇ ತಿಳಿಸಿದರೆ ಅರ್ಧ ಚಡಪಡಿಕೆ ಅಲ್ಲೇ ಇಳಿಯುತ್ತದೆ. ಬೈನಾಕ್ಯುಲರ್ ಇದ್ದರೆ ಅದನ್ನು ಎಲ್ಲರಿಗಿಂತ ಹೆಚ್ಚು ಮಾತಾಡುವವರ ಕೈಗೆ ಕೊಡಿ. ಗೂಡಿನ ಮರಿಗಳಿಗೆ ರೆಕ್ಕೆ ಹರಡಿ ನೆರಳು ಹಿಡಿದು ನಿಂತ ಬಣ್ಣದ ಕೊಕ್ಕರೆಯನ್ನು ಅದರೊಳಗಿಂದ ನೋಡುತ್ತಿರುವವರು ಮಾತು ಮರೆಯುತ್ತಾರೆ. ಮಕ್ಕಳನ್ನು ಮಾತ್ರ ಬೈಯಬೇಡಿ. ಆನೆ ಕಂಡು “ಅವ್ವಾ!” ಎಂದ ಮಗು ತಪ್ಪೇನೂ ಮಾಡಿಲ್ಲ. ಬೇಜಾರಾಗಿ ಫೋನಿನಲ್ಲಿ ಹಾಡು ಹಚ್ಚಿದ ಅಪ್ಪನಿಗೆ ಹೇಳಬೇಕು.

ಹಾಗಂತ ಎಲ್ಲವನ್ನೂ ಪ್ರಯಾಣಿಕರ ಜಾಣತನಕ್ಕೆ ಬಿಡಲಾಗದು. ನಮ್ಮ ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ಸಿದ್ಧವಾಗುವಾಗ ಅಳತೆ ತಪ್ಪಿದ ಧ್ವಜವನ್ನು ಬದಿಗಿಡುವ ಕೆಲಸಗಾರ್ತಿ ಯಾರ ಮರ್ಜಿಯನ್ನೂ ಕಾಯಬೇಕಿಲ್ಲ, ಮಾನಕ ಬ್ಯೂರೋದ ನಿಯಮ ಅವಳ ಪರವಾಗಿದೆ. ಅಂಬಿಗನಿಗೂ ಅಂಥದೇ ಬಲ ಬೇಕು. ಟಿಪ್ಸ್ ಅವನ ಕೈಗೆ ನೇರ ಬೀಳದೆ ದಡದ ಡಬ್ಬಿಗೆ ಬಿದ್ದು ಎಲ್ಲ ಅಂಬಿಗರಿಗೂ ಸಮನಾಗಿ ಹಂಚಿಕೆಯಾಗಲಿ. ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದು ಟಿಕೆಟ್ಟಿನ ಮೇಲೆ ಕನ್ನಡದಲ್ಲಿ ಅಚ್ಚಾಗಲಿ. ಎರಡು ಸಲ ಹೇಳಿಯೂ ಕೇಳದಿದ್ದರೆ ದೋಣಿಯನ್ನು ದಡಕ್ಕೆ ತಿರುಗಿಸುವ ಹಕ್ಕು ಅವನಿಗಿರಲಿ. ಸುಮ್ಮನೆ ಕೂತವರಿಗೆ ಇದು ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ದಡ ಮುಟ್ಟಿದ ಮೇಲೆ ಅವರನ್ನು ಮುಂದಿನ ದೋಣಿಗೆ ಹತ್ತಿಸಬೇಕು, ಮತ್ತೆ ದುಡ್ಡು ಕೇಳದೆ. ಎದ್ದು ನಿಂತವರು ಅಲ್ಲಿಯೇ ಇಳಿಯಲಿ.