ಆರು ಬಿಟ್‌ಗಳ ಜಾಣ್ಮೆ

ರೂಟರ್‌ಗೆ ಬಂದ ಪ್ಯಾಕೆಟ್‌ಗಳನ್ನು, ಅಂದರೆ ದತ್ತಾಂಶದ ತುಣುಕುಗಳನ್ನು, ಅವುಗಳ ತುರ್ತಿಗೆ ತಕ್ಕಂತೆ ಬೇರೆಬೇರೆ ಸಾಲುಗಳಿಗೆ ಹಂಚುವ ಕೆಲಸವೇ ವರ್ಗೀಕರಣ. ಮಾರ್ಗ ಬಿಡುವಾಗಿದ್ದಾಗ ಇದು ಗಮನಕ್ಕೇ ಬರುವುದಿಲ್ಲ. ದಟ್ಟಣೆಯಲ್ಲಿ ಇದರ ಬೆಲೆ ತಿಳಿಯುತ್ತದೆ.

ಸೆಕೆಂಡಿಗೆ 1 ಮೆಗಾಬಿಟ್ ಅಪ್‌ಲೋಡ್ ವೇಗವಿದ್ದರೆ, 1500 ಬೈಟ್‌ಗಳ ಒಂದು ಪ್ಯಾಕೆಟ್ ಹೊರಬೀಳಲು 12 ಮಿಲಿಸೆಕೆಂಡ್ ಬೇಕು. ಇಂಟರ್‌ನೆಟ್ ಕರೆಯ ಧ್ವನಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಪುಟ್ಟ ಪ್ಯಾಕೆಟ್ಟಾಗಿ ಹೊರಡುತ್ತದೆ. ಫೋಟೋ ಕಳಿಸುವ ಹತ್ತು ದೊಡ್ಡ ಪ್ಯಾಕೆಟ್‌ಗಳ ಹಿಂದೆ ಅದು ನಿಂತರೆ 120 ಮಿಲಿಸೆಕೆಂಡ್ ಕಳೆದು, ಮಾತು ತುಂಡುತುಂಡಾಗುತ್ತದೆ. ಫೋಟೋ ಅಷ್ಟು ತಡವಾದರೂ ಯಾರಿಗೂ ತಿಳಿಯದು.

ಪ್ಯಾಕೆಟ್ ಯಾವ ಬಗೆಯದೆಂದು ಅರಿಯಲು ರೂಟರ್ ಐದು ವಿವರ ನೋಡುತ್ತದೆ: ಕಳಿಸಿದವರ ಮತ್ತು ಪಡೆಯುವವರ ವಿಳಾಸ, ಎರಡೂ ಕಡೆಯ ಪೋರ್ಟ್, ಪ್ರೊಟೊಕಾಲ್. ಆದರೆ ವಿಡಿಯೊ, ಬ್ಯಾಂಕ್ ವ್ಯವಹಾರ, ಸುದ್ದಿ ಎಲ್ಲವೂ 443ನೇ ಪೋರ್ಟಿನಲ್ಲೇ ಸಾಗುವುದರಿಂದ ಪೋರ್ಟ್ ಒಂದನ್ನೇ ನೆಚ್ಚುವಂತಿಲ್ಲ.

ಇಲ್ಲಿ ನೆರವಾಗುವುದು 1998ರಲ್ಲಿ ರೂಪುಗೊಂಡ ಡಿಫ್‌ಸರ್ವ್ ಪದ್ಧತಿ. ಇದರಲ್ಲಿ ಪ್ಯಾಕೆಟ್‌ನ ತಲೆಬರಹವಾದ ಐಪಿವಿ4 ಹೆಡರಿನ ಎರಡನೇ ಬೈಟ್‌ನ ಮೊದಲ 6 ಬಿಟ್‌ಗಳಲ್ಲಿ 64 ಗುರುತುಗಳಿಗೆ ಜಾಗವಿದೆ. ಧ್ವನಿಗೆ ವಾಡಿಕೆಯ ಗುರುತು 46. ಸಾಮಾನ್ಯ ಸಂಚಾರಕ್ಕೆ 0. ಜಾಲದ ಅಂಚಿನ ರೂಟರ್ ಒಮ್ಮೆ ಪರಿಶೀಲಿಸಿ ಈ ಗುರುತಿನ ಮುದ್ರೆಯೊತ್ತುತ್ತದೆ; ಒಳಗಿನ ರೂಟರ್‌ಗಳು ಮುದ್ರೆಯನ್ನಷ್ಟೇ ನೋಡಿ ದಾರಿ ಬಿಡುತ್ತವೆ. ಈ ಶ್ರಮವಿಭಜನೆಯೇ ಪದ್ಧತಿಯ ಸೊಗಸು.

ಯಾವ ತಂತ್ರಾಂಶ ಬೇಕಾದರೂ ತನ್ನ ಪ್ಯಾಕೆಟ್‌ಗೆ 46 ಎಂದು ಬರೆದುಕೊಳ್ಳಬಹುದಾದ್ದರಿಂದ ಅಂಚಿನಲ್ಲಿ ತಪಾಸಣೆ ಬೇಕು. ತುರ್ತು ಸಾಲಿಗೂ ಮಿತಿಯಿರಬೇಕು. ಇಲ್ಲದಿದ್ದರೆ ಉಳಿದ ಸಾಲುಗಳು ಕಾಯುತ್ತಲೇ ಇರುತ್ತವೆ. ವರ್ಗೀಕರಣ ಮಾರ್ಗವನ್ನು ಅಗಲಿಸುವುದಿಲ್ಲ. ಯಾರು ಕಾಯಬಲ್ಲರು ಎಂಬುದನ್ನು ತೀರ್ಮಾನಿಸುತ್ತದೆ.