ಎರಡು ಪದರ ಸಾಕು

ಸೂಪರ್ ಮಾರ್ಕೆಟ್ಟಿನಲ್ಲಿ ಟಾಯ್ಲೆಟ್ ಪೇಪರಿನ ಮುಂದೆ ಹತ್ತು ನಿಮಿಷ ನಿಂತಿದ್ದೆ. ಎರಡು ಪದರ, ಮೂರು ಪದರ, ಬಿದಿರಿನದ್ದು, ಗುಲಾಬಿ ಪರಿಮಳದ್ದು. ಕೋಡಿಹಳ್ಳಿಯಲ್ಲಿ ಚೊಂಬು ಹಿಡ್ಕೊಂಡು ಬಯಲಿಗೆ ಹೋಗ್ತಿದ್ದವನು ನಾನು. ಪೇಪರ್ ಅನ್ನೋದು ಆಫೀಸಿನ ಸಂಗತಿ, ಮನೆಗಲ್ಲ ಅನ್ನೋ ಜಂಬ ನನಗಿತ್ತು.

2024ರ ಬೇಸಿಗೆ ಅದನ್ನ ಇಳಿಸಿತು. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಒಣಗಿತು. ಟ್ಯಾಂಕರ್ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ನಮ್ಮ ಸೀಮೆಯ ಹಾರೋಹಳ್ಳಿ ಮೇಲೇ ಬೆಂಗಳೂರಿಗೆ ಬರೋದು. ನಮ್ಮ ಬಡಾವಣೆಗೆ ಮಾತ್ರ ಅದು ಮುಟ್ಟಿರಲಿಲ್ಲ.

ಮೊದಲು ತಂದಿದ್ದು ಎಲ್ಲಕ್ಕಿಂತ ದುಬಾರಿ ಪ್ಯಾಕು. ಮೂರು ಪದರ, ಗುಲಾಬಿ ವಾಸನೆ. ಮೂರನೇ ದಿನಕ್ಕೆ ಕಮೋಡು ಕಟ್ಟಿಕೊಂಡಿತು. ಈ ಪ್ಯಾಕುಗಳ ಮೇಲೆ ನನ್ನ ತಕರಾರು ಇದೇ: ಮೃದುತ್ವದ ಬಗ್ಗೆ ಪುಟಗಟ್ಟಲೆ ಹೇಳ್ತಾರೆ, ನೀರಲ್ಲಿ ಕರಗುತ್ತಾ ಅನ್ನೋದಕ್ಕೆ ತುಟಿ ಬಿಚ್ಚಲ್ಲ. ನೀವೇ ನೋಡಿ. ಎರಡು ಹಾಳೆ ಬಾಟಲಿಗೆ ಹಾಕಿ, ನೀರು ತುಂಬಿ ಕುಲುಕಿ. ಚೂರುಚೂರಾದ್ರೆ ಕೊಳ್ಳಬಹುದು. ಅಡುಗೆಮನೆ ಟಿಶ್ಯೂ ಹಾಗಾಗಲ್ಲ. ಒದ್ದೆಯಾದ್ರೂ ಹರಿಯದ ಹಾಗೆ ಅದಕ್ಕೆ ರಾಳ ಸೇರಿಸಿರ್ತಾರೆ. ವೆಟ್ ವೈಪ್ಸ್ ಅಂತೂ ಕಮೋಡಿನ ಹತ್ತಿರವೇ ಬೇಡ. ಬೆಲೆ ಹೋಲಿಸೋವಾಗ ರೋಲು ಎಣಿಸಬೇಡಿ, ಹಾಳೆ ಎಣಿಸಿ. ಪರಿಮಳದ್ದು ಕೆಲವರ ಚರ್ಮಕ್ಕೆ ಉರಿ.

ಅಮೆರಿಕದಲ್ಲಿ ಜೋಸೆಫ್ ಗಯೆಟಿ ಇದನ್ನ ಮಾರೋಕೆ ಶುರು ಮಾಡಿದ್ದು 1857ರಲ್ಲಿ. ನೀರು ಚಿಮ್ಮಿಸೋ ಕಮೋಡಿನ ಸೀಟನ್ನ ಜಪಾನಿನ ಟೋಟೋ ಕಂಪನಿ 1980ರಲ್ಲಿ ತಂದಾಗ ಅದು ಹೊಸ ತಂತ್ರಜ್ಞಾನ. ನಮ್ಮೂರಲ್ಲಿ ಅದಕ್ಕೆ ಚೊಂಬು ಅಂತಿದ್ವಿ.

ಇಷ್ಟೆಲ್ಲ ಸಂಶೋಧನೆ ಮಾಡ್ತಿದ್ದವನಿಗೆ ಅವ್ವ ಊಟ ಕಮ್ಮಿ ಮಾಡಿದ್ದು ಕಾಣಲೇ ಇಲ್ಲ. ರಾತ್ರಿ ಮುದ್ದೆ ಬೇಡ ಅಂದ್ಳು, ನೀರೂ ಅರ್ಧ ಲೋಟ. ಹೊಟ್ಟೆ ಸರಿ ಇಲ್ವಾ ಅಂದೆ.

"ಹೊಟ್ಟೆ ಸರಿಯಾಗೇ ಅದೆ ಕಣ್ಲಾ. ಆ ಕಾಗದ್ದಲ್ಲಿ ಒರೆಸ್ಕೊಂಡು ನಾನೆಂಗ್ಲಾ ದೇವ್ರ ದೀಪ ಹಚ್ಲಿ?"

ಮಾರನೇ ದಿನದಿಂದ ಅವ್ವನ ಬಚ್ಚಲಲ್ಲಿ ಒಂದು ಬಕೆಟ್ ನೀರು, ಅದನ್ನ ಬೇರೆ ಯಾರೂ ಮುಟ್ಟೋ ಹಾಗಿಲ್ಲ. ನಾನು ಅರ್ಧ ಚೊಂಬು ನೀರು, ಆಮೇಲೆ ಎರಡು ಹಾಳೆ. ಬರೀ ತೇವ ಒರೆಸೋಕೆ ಎರಡು ಪದರ, ವಾಸನೆ ಇಲ್ಲದ್ದು, ಧಾರಾಳ. ನೀರು ಬಂದ ಮೇಲೂ ಅದನ್ನೇ ತರ್ತಿದ್ದೀನಿ. ಅವ್ವನ ಬಕೆಟ್ಟೂ ಅಲ್ಲೇ ಇದೆ, ತುಂಬಿಕೊಂಡು.